ಮನಸ್ಸಿನ ಹಕೀಮ ಅಬೂ ಝೈದ್ ಅಲ್ ಬಲ್ಖಿ

ಗುಸ್ಸಾ, ಗಮ್, ಖೌಫ್, ವಸ್ವಸಾ. ಈ ನಾಲ್ಕು ಮಾತುಗಳು ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತವೆ. ಮೊದಲ ಮೂರನ್ನು ಕೋಪ, ದುಃಖ, ಭಯ ಎಂದು ಕನ್ನಡದಲ್ಲಿ ಹೇಳಿಬಿಡಬಹುದು. ವಸ್ವಸಾ ಎಂಬುದಕ್ಕೆ ಮಾತ್ರ ಒಂದೇ ಪದ ಸಿಗುವುದಿಲ್ಲ. ವುಝೂ ಮಾಡಿ ಎದ್ದವನಿಗೆ ಕೈ ಸರಿಯಾಗಿ ತೊಳೆದೆನೋ ಇಲ್ಲವೋ ಎಂಬ ಅನುಮಾನ ಬಂದು, ಮತ್ತೆ ಹೋಗಿ ತೊಳೆದು, ಮತ್ತೆ ಅದೇ ಅನುಮಾನ ಬರುತ್ತದಲ್ಲ, ಆ ಬಿಡದೆ ಕಾಡುವ ಯೋಚನೆಗೆ ಆ ಹೆಸರು. ಸುಮಾರು 1100 ವರ್ಷಗಳ ಹಿಂದೆ ಒಬ್ಬ ವಿದ್ವಾಂಸರು ಈ ನಾಲ್ಕಕ್ಕೂ ಒಂದೊಂದು ಅಧ್ಯಾಯ ಮೀಸಲಿಟ್ಟು, ಇವು ಮನಸ್ಸಿನ ಕಾಯಿಲೆಗಳಾಗಬಲ್ಲವು, ಇವುಗಳಿಗೆ ಚಿಕಿತ್ಸೆ ಇದೆ, ಆ ಚಿಕಿತ್ಸೆಯನ್ನು ಕಲಿಯಬಹುದು ಎಂದು ಬರೆದರು. ಅವರೇ ಅಬೂ ಝೈದ್ ಅಹ್ಮದ್ ಬಿನ್ ಸಹ್ಲ್ ಅಲ್ ಬಲ್ಖಿ.

ಬಿ.ಎಡ್. ತರಗತಿಯಲ್ಲಿ ಮನೋವಿಜ್ಞಾನದ ಪತ್ರಿಕೆಗಾಗಿ ಫ್ರಾಯ್ಡ್, ಪಾವ್ಲೋವ್, ಸ್ಕಿನ್ನರ್ ಎಲ್ಲರನ್ನೂ ನಾವು ಓದಿದೆವು. ಬಲ್ಖಿಯವರ ಹೆಸರು ಎಲ್ಲಿಯೂ ಬರಲಿಲ್ಲ. ಇದರಲ್ಲಿ ಪಠ್ಯಪುಸ್ತಕ ಬರೆದವರ ತಪ್ಪೇನೂ ಇಲ್ಲ. ಅವರ ಗ್ರಂಥದ ಹಸ್ತಪ್ರತಿ ಇಸ್ತಾಂಬುಲ್‌ನ ಅಯಾಸೋಫಿಯಾ ಸಂಗ್ರಹದಲ್ಲಿ ಶತಮಾನಗಳ ಕಾಲ ಉಳಿದಿತ್ತು. 1984ರಲ್ಲಿ ಫುಆದ್ ಸೆಝ್ಗಿನ್ ಎಂಬ ತುರ್ಕಿ ವಿದ್ವಾಂಸರು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅದರ ಛಾಯಾಪ್ರತಿ ಪ್ರಕಟಿಸಿದರು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರು ಅದರ ಎರಡನೆಯ ಭಾಗವನ್ನು ಇಂಗ್ಲಿಷಿಗೆ ತಂದದ್ದು 2013ರಲ್ಲಿ. ನಮ್ಮ ಪೂರ್ವಿಕರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂದು ಸಭೆಗಳಲ್ಲಿ ಭಾಷಣ ಮಾಡುವುದು ನಮಗೆ ಸುಲಭ. ಅವರು ಬರೆದದ್ದನ್ನು ತೆರೆದು ಓದುವವರು ಕಡಿಮೆ.

ಬಲ್ಖಿಯವರು ಹುಟ್ಟಿದ್ದು ಕ್ರಿ.ಶ. 850ರ ಸುಮಾರಿಗೆ, ಈಗಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ನಗರದ ಸಮೀಪದ ಶಾಮಿಸ್ತಿಯಾನ್ ಎಂಬ ಹಳ್ಳಿಯಲ್ಲಿ. ತಂದೆ ಮಕ್ಕಳಿಗೆ ಓದು ಕಲಿಸುವ ಉಸ್ತಾದರು. ಮಗನೂ ಪ್ರಾಯದಲ್ಲಿ ಅದೇ ವೃತ್ತಿ ಹಿಡಿದರು. ನಮ್ಮಂಥ ಶಾಲಾ ಶಿಕ್ಷಕರಿಗೆ ಇದು ಸಂತೋಷದ ಸಂಗತಿಯೇ ಸರಿ! ಮುಂದೆ ಜ್ಞಾನದ ಹಸಿವು ಅವರನ್ನು ಊರಿನಲ್ಲಿ ನಿಲ್ಲಗೊಡಲಿಲ್ಲ. ಹಜ್ ಯಾತ್ರಿಕರ ತಂಡದೊಂದಿಗೆ ಕಾಲ್ನಡಿಗೆಯಲ್ಲೇ ಇರಾಕಿಗೆ ಹೊರಟರು. ಅಲ್ಲಿ ಎಂಟು ವರ್ಷವಿದ್ದು, ಪ್ರಸಿದ್ಧ ತತ್ತ್ವಜ್ಞಾನಿ ಅಲ್ ಕಿಂದಿಯವರ ಶಿಷ್ಯರಾಗಿ ತತ್ತ್ವಶಾಸ್ತ್ರ, ಖಗೋಳ, ವೈದ್ಯ ಮೊದಲಾದ ವಿದ್ಯೆಗಳನ್ನು ಕಲಿತು ಊರಿಗೆ ಮರಳಿದರು.

ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. ಸ್ವಭಾವದಲ್ಲಿ ಸಂಕೋಚ, ಮಾತು ಕಡಿಮೆ. ಬಲ್ಖ್‌ನ ಅಧಿಕಾರ ಹಿಡಿದ ಅಮೀರರೊಬ್ಬರು ಅವರನ್ನು ವಝೀರನಾಗಲು ಕರೆದರು. (ಆ ಅಮೀರರ ಹೆಸರೂ ಅಹ್ಮದ್ ಬಿನ್ ಸಹ್ಲ್ ಎಂದೇ ಇದ್ದುದರಿಂದ ಓದುವವರಿಗೆ ಗೊಂದಲವಾಗುವುದುಂಟು.) ಬಲ್ಖಿಯವರು ಒಪ್ಪಲಿಲ್ಲ. ವಝೀರ್ ಪದವಿ ಅವರ ಸ್ನೇಹಿತ ಅಬುಲ್ ಕಾಸಿಮ್ ಅಲ್ ಕಅಬಿಯವರಿಗೆ ಹೋಯಿತು. ಇವರು ಬರಹಗಾರನ ಕೆಲಸಕ್ಕೆ ತೃಪ್ತರಾದರು. ಅರವತ್ತರಷ್ಟು ಗ್ರಂಥಗಳನ್ನು ಬರೆದರೆಂದು ಹೇಳುತ್ತಾರೆ, ಅವುಗಳಲ್ಲಿ ಉಳಿದವು ಬಹಳ ಕಡಿಮೆ. ಭೂಗೋಳ ಓದುವವರಿಗೆ ಅವರ ಹೆಸರು ನಕ್ಷೆಗಳಿಂದ ಪರಿಚಿತ. ಇಸ್ತಖ್ರಿ, ಇಬ್ನ್ ಹೌಕಲ್ ಮುಂತಾದವರು ಮುಂದುವರಿಸಿದ ನಕಾಶೆಯ ಪರಂಪರೆಯನ್ನು ಇಂದಿಗೂ ಬಲ್ಖಿ ಪರಂಪರೆ ಎಂದೇ ಕರೆಯುತ್ತಾರೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್ ಎಂಬ ಗ್ರಂಥ. ದೇಹ ಮತ್ತು ಮನಸ್ಸು ಎರಡರ ಪೋಷಣೆ ಎಂದು ಅದರ ಅರ್ಥ. ಮೊದಲ ಭಾಗ ದೇಹಕ್ಕೆ, ಎಂಟು ಅಧ್ಯಾಯಗಳ ಎರಡನೆಯ ಭಾಗ ಮನಸ್ಸಿಗೆ. ವೈದ್ಯರು ದೇಹದ ಬಗ್ಗೆ ಮಾತ್ರ ಬರೆದು ಮನಸ್ಸನ್ನು ಬಿಟ್ಟುಬಿಟ್ಟಿದ್ದಾರೆ ಎಂಬುದು ಅವರ ದೂರು. ದೇಹಕ್ಕೆ ಕಾಯಿಲೆ ಬರುವುದು ಅಪರೂಪಕ್ಕೆ, ಕೆಲವರಿಗೆ ಎಷ್ಟೋ ವರ್ಷ ಜ್ವರವೂ ಬರುವುದಿಲ್ಲ. ಆದರೆ ಕೋಪ, ಚಿಂತೆ, ಅಂಜಿಕೆ ಇಲ್ಲದ ದಿನ ಯಾರಿಗೂ ಇಲ್ಲ ಎಂಬುದು ಅವರ ವಾದ. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ, ಒಂದು ಕೆಟ್ಟರೆ ಇನ್ನೊಂದು ಸೊರಗುತ್ತದೆ.

ಇಂದು ಕಾಗ್ನಿಟಿವ್ ಥೆರಪಿ ಎಂದು ಕರೆಯುವ ಚಿಕಿತ್ಸೆಯನ್ನು ಕಲಿಯಹೊರಟವರು ಮೊದಲು ತಿಳಿಯುವುದು ಇದನ್ನೇ: ನಮ್ಮನ್ನು ಕುಗ್ಗಿಸುವುದು ಘಟನೆ ಮಾತ್ರವಲ್ಲ, ಆ ಘಟನೆಯ ಬಗ್ಗೆ ಮನಸ್ಸಿನಲ್ಲಿ ಥಟ್ಟನೆ ಹಾದುಹೋಗುವ ಯೋಚನೆ ಕೂಡ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಆರನ್ ಬೆಕ್ (1921-2021) ಅವರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಾ ಈ ಪದ್ಧತಿಯನ್ನು ಕಟ್ಟಿದರು. ಆ ಯೋಚನೆಯನ್ನು ಹಿಡಿದು ಬರೆದಿಡಬೇಕು, ಅದಕ್ಕೆ ಸಾಕ್ಷಿ ಏನಿದೆ ಎಂದು ಕೇಳಬೇಕು, ಹೊಂದದಿದ್ದರೆ ಬದಲಿಸಿ, ನಡೆದು ನೋಡಿ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪಿದ ಕೂಡಲೇ ನಾನು ಫೇಲೇ ಎಂದು ಕೂರುವ ವಿದ್ಯಾರ್ಥಿ, ಹಿಂದಿನ ಕಿರುಪರೀಕ್ಷೆಗಳ ಅಂಕಗಳನ್ನು ತೆಗೆದು ನೋಡಿದರೆ ಆ ಯೋಚನೆ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಬೆಕ್ ಅವರು ಬಲ್ಖಿಯವರಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಇಬ್ಬರ ದಾರಿ ಬೇರೆ, ಕಾಲ ಬೇರೆ. ಆದರೂ ಹೋಲಿಕೆ ಕಣ್ಣಿಗೆ ಬೀಳದೆ ಇರದು.

ಬಲ್ಖಿಯವರು ಚಿಕಿತ್ಸೆಯನ್ನು ಎರಡಾಗಿ ಮಾಡಿದರು. ಒಂದು ಹೊರಗಿನದು, ಅಂದರೆ ತಿಳಿದವರ ಮಾತು, ಸಾಂತ್ವನ, ಉಪದೇಶ. ಇನ್ನೊಂದು ಒಳಗಿನದು, ಅಂದರೆ ಮನುಷ್ಯನು ತಾನೇ ತನ್ನ ಯೋಚನೆಯಿಂದ ಯೋಚನೆಯನ್ನು ಎದುರಿಸುವುದು. ಈ ಒಳಗಿನ ಮದ್ದು ಕೋಪ ನೆತ್ತಿಗೇರಿದಾಗ ಹುಡುಕಿದರೆ ಸಿಗುವುದಿಲ್ಲ. ಜಾಣರು ಹೊತ್ತಲ್ಲದ ಹೊತ್ತಿಗೆ ಬೇಕಾದೀತೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವ ಹಾಗೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟು ಅಭ್ಯಾಸ ಮಾಡಿಕೊಳ್ಳಬೇಕೆಂದು ಅವರು ಹೇಳಿದರು.

ದುಃಖದ ಅಧ್ಯಾಯ ನಮ್ಮ ಪಾಲಕರು ತಿಳಿಯಬೇಕಾದದ್ದು. ದುಃಖದಲ್ಲಿ ಎರಡು ಬಗೆ ಎನ್ನುತ್ತಾರೆ ಅವರು. ಪ್ರೀತಿಪಾತ್ರರ ಮರಣ, ನಷ್ಟ ಮುಂತಾದ ಕಾರಣ ಗೊತ್ತಿರುವುದು ಒಂದು. ಕಾರಣವೇ ಕಾಣದೆ ಮನಸ್ಸು ಕುಸಿಯುವುದು ಇನ್ನೊಂದು. ಮೊದಲನೆಯದಕ್ಕೆ ಮಾತು ಮತ್ತು ಯೋಚನೆಯ ಚಿಕಿತ್ಸೆ. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಮದ್ದೂ ಬೇಕು. ರಕ್ತ ಕೆಟ್ಟು ಹೀಗಾಗುತ್ತದೆ ಎಂಬ ಅವರ ವಿವರಣೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಇಂಥದೇ ಒಂದು ವಿಂಗಡಣೆಯನ್ನು 20ನೆಯ ಶತಮಾನದ ಮನೋವೈದ್ಯರು ಬಹುಕಾಲ ಬಳಸಿದರು. ನಮ್ಮಲ್ಲಿ ಏನಾಗುತ್ತದೆ? ಊಟ ಬಿಟ್ಟು ಮೂಲೆ ಹಿಡಿದ ಹುಡುಗಿಗೆ ಈಮಾನ್ ಕಡಿಮೆಯಾಗಿದೆ ಎನ್ನುತ್ತೇವೆ. ತಾವೀಝ್ ಕಟ್ಟಿಸುತ್ತೇವೆ. ಮದುವೆಗೆ ಅಡ್ಡಿಯಾದೀತೆಂದು ಡಾಕ್ಟರ ಹತ್ತಿರ ಹೋಗುವುದಿಲ್ಲ. ಕುರ್‌ಆನಿನ ಬಗ್ಗೆ ಗ್ರಂಥ ಬರೆದ ಬಲ್ಖಿಯವರು ಹೀಗೆ ಮಾಡಲಿಲ್ಲ. ಜ್ವರ ಬಂದವನನ್ನು ಯಾರೂ ಬೈಯುವುದಿಲ್ಲ ತಾನೇ?

ಭಯದ ಬಗ್ಗೆ ಅವರು ಕೊಟ್ಟ ಉದಾಹರಣೆ ಸೊಗಸಾಗಿದೆ. ಮರುಭೂಮಿಯ ಬದ್ದುವೊಬ್ಬ ಜೀವನದಲ್ಲಿ ಮೊದಲ ಸಲ ದಟ್ಟ ಮಂಜನ್ನು ಕಂಡರೆ ಅದು ದಾಟಲಾಗದ ಗೋಡೆಯೆಂದು ತಿಳಿಯುತ್ತಾನೆ. ಒಳಗೆ ಕಾಲಿಟ್ಟಾಗ ಅದು ಬರಿಯ ತೇವದ ಗಾಳಿ ಎಂದು ಗೊತ್ತಾಗುತ್ತದೆ. ನಾವು ಹೆದರುವ ಹೆಚ್ಚಿನವು ಹೀಗೆಯೇ. ಅಂಜಿಕೆ ಹುಟ್ಟಿಸುವುದನ್ನು ಮತ್ತೆ ಮತ್ತೆ ಎದುರಿಸಿ ಅಭ್ಯಾಸ ಮಾಡಿಕೊಂಡರೆ ಹೆದರಿಕೆ ಇಳಿಯುತ್ತದೆ. ಇಂದಿನ ಚಿಕಿತ್ಸಕರೂ ರೋಗಿಯನ್ನು ಹಂತಹಂತವಾಗಿ ಹೀಗೇ ನಡೆಸುತ್ತಾರೆ. ವಸ್ವಸಾ ಕಾಡುವವನು ಒಂಟಿಯಾಗಿ ಕೂರಬಾರದು, ಜನರ ಜೊತೆಯಲ್ಲಿ, ಕೆಲಸದಲ್ಲಿ ತೊಡಗಿರಬೇಕು ಎಂಬುದೂ ಅವರ ಸಲಹೆ.

ಇಷ್ಟೆಲ್ಲ ಬರೆದವರ ಬಗ್ಗೆ ಭೂಗೋಳಕಾರ ಅಲ್ ಮುಕದ್ದಸಿ ಒಂದು ಘಟನೆ ಹೇಳಿದ್ದಾರೆ. ಖುರಾಸಾನಿನ ಅಮೀರರು ಸಲಹೆಗಾಗಿ ಅವರನ್ನು ಬುಖಾರಾಕ್ಕೆ ಕರೆಸಿಕೊಂಡರು. ಬಲ್ಖಿಯವರು ಹೊರಟೂ ಹೊರಟರು. ದಾರಿಯಲ್ಲಿ ಜೈಹೂನ್ ನದಿ, ಅಂದರೆ ಇಂದಿನ ಆಮು ದರಿಯಾ. ಅದರ ಅಲೆ, ಸೆಳೆತ, ಅಗಲ ಎಲ್ಲವನ್ನೂ ದಡದಲ್ಲಿ ನಿಂತು ನೋಡಿದರು. ತಮ್ಮ ಬುದ್ಧಿಯನ್ನು ನಂಬಿ ಕರೆಸಿದ್ದಾದರೆ, ಆ ಬುದ್ಧಿಯೇ ಈ ನದಿ ದಾಟಬೇಡ ಎನ್ನುತ್ತಿದೆ ಎಂದು ಅಲ್ಲಿಂದಲೇ ಅಮೀರರಿಗೆ ಪತ್ರ ಬರೆದರು. ಅಮೀರರು ಓದಿ ನಕ್ಕು, ಬಲ್ಖ್‌ಗೆ ಮರಳಲು ಅಪ್ಪಣೆ ಕೊಟ್ಟರಂತೆ. ಹಿಜರಿ 322ರಲ್ಲಿ, ಅಂದರೆ ಕ್ರಿ.ಶ. 934ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು.