ಎಡವುಗಲ್ಲು: ಸಂತ ಎಡಿತ್ ಸ್ಟೈನರ ಜೀವನ

ಎಡವುಗಲ್ಲೆಂಬ ಮಾತನ್ನು ಪವಿತ್ರ ಗ್ರಂಥದಲ್ಲಿ ಓದಿಬಲ್ಲ ನಮ್ಮ ಭಕ್ತಜನರಿಗೆ, ಅದೇ ಹೆಸರಿನ ಕಲ್ಲುಗಳು ಯೂರೋಪಿನ ಊರೂರ ಬೀದಿಗಳಲ್ಲಿ ಹುದುಗಿವೆಯೆಂಬ ಸಂಗತಿ ಅಷ್ಟಾಗಿ ತಿಳಿದಿರಲಾರದು. ಗುಂಟರ್ ಡೆಮ್ನಿಗ್ ಎಂಬ ಜರ್ಮನ್ ಕಲಾವಿದರು 1992ರಲ್ಲಿ ಕೊಲೋನ್ ನಗರದಲ್ಲಿ ಈ ಕಾರ್ಯವನ್ನು ಆರಂಭಿಸಿದರು. 10 ಸೆಂಟಿಮೀಟರು ಉದ್ದಗಲದ ಕಾಂಕ್ರೀಟಿನ ಗಟ್ಟಿ. ಅದರ ಮೇಲೆ ಹಿತ್ತಾಳೆಯ ತಗಡು. ತಗಡಿನಲ್ಲಿ, ಇಂಥವರು ಇಲ್ಲಿ ವಾಸವಾಗಿದ್ದರು ಎಂಬ ಒಕ್ಕಣೆ, ಹೆಸರು, ಹುಟ್ಟಿದ ವರ್ಷ, ಪ್ರಾಣ ಹೋದ ಬಗೆ. ನಾತ್ಸಿಗಳ ಹಿಂಸೆಗೆ ಗುರಿಯಾದವರ ಮನೆಯ ಮುಂದಿನ ಕಾಲುದಾರಿಯಲ್ಲಿ, ಹಾಸುಗಲ್ಲುಗಳ ಸಮಕ್ಕೆ ಅದನ್ನು ನೆಡುತ್ತಾರೆ. 2023ರಲ್ಲಿ ನ್ಯೂರೆಂಬರ್ಗಿನಲ್ಲಿ 1,00,000ನೆಯ ಕಲ್ಲನ್ನು ನೆಡಲಾಯಿತು. ಪೋಲೆಂಡಿನ ವ್ರೋತ್ಸ್ವಾಫ್ ನಗರದಲ್ಲಿ 2008ರಲ್ಲಿ ನೆಟ್ಟ ಅಂತಹದೊಂದು ಕಲ್ಲಿನಲ್ಲಿರುವ ಹೆಸರು ಎಡಿತ್ ಸ್ಟೈನ್. ನಮ್ಮ ಪೂಜಾ ಪಂಚಾಂಗದಲ್ಲಿ ಆ ಹೆಸರು ಶಿಲುಬೆಯ ಸಂತ ತೆರೆಸಾ ಬೆನೆದಿಕ್ತಾ ಎಂದಿದೆ.

ಆ ನಗರ ಆಗ ಜರ್ಮನಿಗೆ ಸೇರಿದ್ದು, ಬ್ರೆಸ್ಲೌ ಎನಿಸಿಕೊಂಡಿತ್ತು. 1891ರ ಅಕ್ಟೋಬರ್ 12ರಂದು, ಯೆಹೂದ್ಯರು ಉಪವಾಸವಿದ್ದು ಪಾಪಪರಿಹಾರ ಬೇಡುವ ಯೋಮ್ ಕಿಪ್ಪೂರ್ ದಿನದಂದೇ, ಮರದ ವ್ಯಾಪಾರಿಯೊಬ್ಬನ ಮನೆಯಲ್ಲಿ ಹನ್ನೊಂದನೆಯ ಮಗುವಾಗಿ ಎಡಿತ್ ಜನಿಸಿದರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. ಸಾಲದಲ್ಲಿದ್ದ ವ್ಯಾಪಾರವನ್ನು ತಾಯಿ ಔಗುಸ್ತೆಯವರು ತಾವೇ ಕೈಗೆತ್ತಿಕೊಂಡು, ಬದುಕುಳಿದ ಏಳು ಮಕ್ಕಳನ್ನು ಸಾಕಿದರು. ದೇವರಲ್ಲಿ ಅಚಲ ನಂಬಿಕೆಯುಳ್ಳ ಕಟ್ಟುನಿಟ್ಟಿನ ತಾಯಿ ಆಕೆ. ಆದರೂ ಕಿರಿಯ ಮಗಳು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ, ತಿಳಿದೂ ತಿಳಿದೂ, ಪ್ರಾರ್ಥನೆಯನ್ನು ಬಿಟ್ಟುಬಿಟ್ಟಳು.

ಸತ್ಯವೇನೆಂಬ ಪ್ರಶ್ನೆಯನ್ನು ಮಾತ್ರ ಎಡಿತ್ ಬಿಡಲಿಲ್ಲ. 1913ರಲ್ಲಿ ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ತತ್ವಶಾಸ್ತ್ರಜ್ಞ ಹುಸೆರ್ಲರ ಶಿಷ್ಯೆಯಾದರು. 1915ರಲ್ಲಿ ರೆಡ್ ಕ್ರಾಸ್ ದಾದಿಯಾಗಿ ಸಾಂಕ್ರಾಮಿಕ ರೋಗಗಳ ಸೈನಿಕ ಆಸ್ಪತ್ರೆಯಲ್ಲಿ ದುಡಿದರು. ಪರರ ನೋವನ್ನು ನಾವು ಹೇಗೆ ಅರಿಯಬಲ್ಲೆವೆಂಬ ವಿಷಯದ ಮೇಲೆ ಪ್ರಬಂಧ ಬರೆದು 1916ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಡಾಕ್ಟರೇಟ್ ಪಡೆದರು. ಇಷ್ಟಾದರೂ ಹೆಣ್ಣೆಂಬ ಕಾರಣದಿಂದ ವಿಶ್ವವಿದ್ಯಾನಿಲಯದ ಪೀಠ ಅವರಿಗೆ ದೊರೆಯಲಿಲ್ಲ. ಈ ನಡುವೆ, ಅವರಿಗೆ ಬಲು ಆಪ್ತರಾಗಿದ್ದ ಅಧ್ಯಾಪಕ ಆಡೊಲ್ಫ್ ರೈನಾಕರು 1917ರಲ್ಲಿ ರಣರಂಗದಲ್ಲಿ ಮಡಿದರು. ಅವರ ಬರಹಗಳನ್ನು ಜೋಡಿಸಿಕೊಡಲು ಎಡಿತ್ ಹೋಗಬೇಕಾಯಿತು. ವಿಧವೆಗೆ ಏನೆಂದು ಸಮಾಧಾನ ಹೇಳಲೆಂದು ಅಳುಕುತ್ತಲೇ ಹೋದವರಿಗೆ, ಕ್ರಿಸ್ತನ ಶಿಲುಬೆಯನ್ನು ನಂಬಿ ಶಾಂತಳಾಗಿದ್ದ ಹೆಣ್ಣುಮಗಳೊಬ್ಬಳು ಎದುರಾದಳು. ತತ್ವಶಾಸ್ತ್ರದ ಯಾವ ಗ್ರಂಥವೂ ಆ ಶಾಂತಿಯನ್ನು ಅವರಿಗೆ ವಿವರಿಸಿ ಹೇಳಲಿಲ್ಲ. 1921ರ ಬೇಸಿಗೆಯಲ್ಲಿ ಸ್ನೇಹಿತೆಯ ಮನೆಯಲ್ಲಿ ಆವಿಲಾದ ಸಂತ ತೆರೆಸಮ್ಮನವರ ಆತ್ಮಚರಿತ್ರೆ ಕೈಗೆ ಸಿಕ್ಕಿತು. ಅದನ್ನು ಓದಿ ಮುಗಿಸಿದಾಗ ಅವರ ತೀರ್ಮಾನವೂ ಮುಗಿದಿತ್ತು. 1922ರ ಜನವರಿ 1ರಂದು ಬೆರ್ಗ್‌ಜಾಬರ್ನಿನಲ್ಲಿ ಜ್ಞಾನಸ್ನಾನ ಪಡೆದರು. ಸುದ್ದಿಯನ್ನು ಕೇಳಿದ ತಾಯಿ ಅತ್ತರು. ಮಕ್ಕಳು ಆ ತಾಯಿಯ ಕಣ್ಣಿನಲ್ಲಿ ನೀರನ್ನು ಕಂಡದ್ದು ಅಪರೂಪ.

ಕಾರ್ಮೆಲ್ ಮಠವನ್ನು ಸೇರಬೇಕೆಂಬ ಆಸೆ ಅಂದೇ ಇತ್ತು. ಆಧ್ಯಾತ್ಮಿಕ ಗುರುಗಳು ತಡೆದರು. ಸ್ಪೈಯರಿನ ದೊಮಿನಿಕನ್ ಕನ್ಯಾಸ್ತ್ರೀಯರ ಶಾಲೆಯಲ್ಲಿ ಎಂಟು ವರ್ಷ ಪಾಠ ಹೇಳಿದರು. 1932ರಲ್ಲಿ ಮ್ಯೂನ್‌ಸ್ಟರಿನ ಶಿಕ್ಷಣ ಸಂಸ್ಥೆಗೆ ಹೋದರು. ಮರುವರ್ಷವೇ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯ ಮೂಲದವರೆಂಬ ಕಾರಣದಿಂದ ಆ ಕೆಲಸವೂ ಹೋಯಿತು.

1933ರ ಏಪ್ರಿಲ್‌ನಲ್ಲಿ ಎಡಿತ್ ಜಗದ್ಗುರು ಹನ್ನೊಂದನೆಯ ಭಕ್ತಿನಾಥರಿಗೆ, ಅಂದರೆ ಪೋಪ್ ಪಿಯುಸರಿಗೆ, ಒಂದು ಪತ್ರವನ್ನು ಬರೆದರು. ಯೆಹೂದ್ಯರ ಮೇಲೆ ನಡೆಯುತ್ತಿದ್ದ ಹಿಂಸೆಯನ್ನು ವಿವರಿಸಿ, ಕ್ರಿಸ್ತನ ನಾಮವನ್ನು ಹೊತ್ತವರೇ ಇದನ್ನು ಮಾಡುತ್ತಿರುವಾಗ ಧರ್ಮಸಭೆ ಬಾಯಿ ತೆರೆಯಬೇಕೆಂದು, ಮೌನ ಮುಂದುವರಿದರೆ ಧರ್ಮಸಭೆಗೇ ಕೇಡೆಂದು ಬಿನ್ನವಿಸಿದರು. ಮಠಾಧಿಪತಿಯೊಬ್ಬರ ಮೂಲಕ ಪತ್ರ ರೋಮ್ ತಲಪಿತು; ತಲಪಿತೆಂಬ ತಿಳಿವಳಿಕೆಯೂ ಬಂತು. ಅವರು ಕೋರಿದ ಬಹಿರಂಗ ಮಾತು ಆಗ ಬರಲಿಲ್ಲ. ನಾತ್ಸಿ ಆಡಳಿತವನ್ನು ಖಂಡಿಸುವ ಜಗದ್ಗುರುಗಳ ವಿಶ್ವಪತ್ರ ಹೊರಟದ್ದು 1937ರಲ್ಲಿ. ಅದರಲ್ಲಿಯೂ ಯೆಹೂದ್ಯರ ಹೆಸರೆತ್ತಿ ಹೇಳಿದ ಮಾತಿಲ್ಲ. ಎಡಿತರ ಪತ್ರವನ್ನು ಲೋಕ ಓದಿದ್ದು 2003ರಲ್ಲಿ. ಗುರುವಾದವನು ಇದನ್ನು ಶತಮಾನೋತ್ಸವದ ಪುಟದಲ್ಲಿ ಏಕೆ ಎತ್ತಬೇಕೆಂದು ಯಾರಾದರೂ ಕೇಳಬಹುದು. ಈ ಸಂತರ ಚರಿತ್ರೆಯನ್ನು ಈ ಪತ್ರವಿಲ್ಲದೆ ಹೇಳುವುದು ಸುಳ್ಳಿಗೆ ಸಮವಾಗುತ್ತದೆ.

ಮಠ ಸೇರಲು ಈಗ ಅಡ್ಡಿಯಿರಲಿಲ್ಲ. ತಾಯಿಗೆ ಹೇಳುವುದೊಂದು ಉಳಿದಿತ್ತು. ಅಕ್ಟೋಬರ್ 12, ಎಡಿತರ ಹುಟ್ಟುಹಬ್ಬ. ಗುಡಾರಗಳ ಹಬ್ಬದ ಮುಕ್ತಾಯವೂ ಅಂದೇ ಬಿದ್ದಿತ್ತು. ಎಂಬತ್ತನ್ನು ದಾಟಿದ ತಾಯಿಯೊಡನೆ ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಹೋದರು. ಹಿಂದಿರುಗುವಾಗ ತಾಯಿ ನಡೆದೇ ಹೋಗೋಣವೆಂದರು. ಬಹುದೂರದ ಆ ದಾರಿಯಲ್ಲಿ, ತನ್ನ ಧರ್ಮದಲ್ಲಿಯೂ ಭಕ್ತಿಯಿಂದ ಬಾಳಬಹುದಲ್ಲವೇ ಎಂಬುದೇ ಮುದುಕಿಯ ಕೊರಗು. ರಾತ್ರಿ ಬಂಧುಗಳೆಲ್ಲ ಹೊರಟುಹೋದ ಮೇಲೆ ತಾಯಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಮಗಳು ಹಿಂದೆ ನಿಂತು ಆ ನರೆತ ತಲೆಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಹಾಗೆಯೇ ಇದ್ದರು. ಇದೆಲ್ಲ ನಡೆದದ್ದು ಈಗ ಹಿತ್ತಾಳೆಯ ಕಲ್ಲು ಹುದುಗಿರುವ ಆ ಮನೆಯಲ್ಲಿ. ಮರುದಿನ ರೈಲು ಹತ್ತಿದ ಎಡಿತ್, 14ರಂದು ಕೊಲೋನಿನ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ತಾಯಿಯ ಮುಖವನ್ನು ಮತ್ತೆ ಕಾಣಲಿಲ್ಲ. 1936ರ ಸೆಪ್ಟೆಂಬರ್ 14ರಂದು, ಎಡಿತ್ ತಮ್ಮ ವ್ರತಗಳನ್ನು ನವೀಕರಿಸಿದ ದಿನವೇ, ತಾಯಿ ಕಣ್ಣು ಮುಚ್ಚಿದರು.

ಕಾರ್ಮೆಲ್ ಸಭೆಯ ಏಕಾಂತವಾಸ ನಮ್ಮ ನಾಡಿಗೆ ಹೊಸತಲ್ಲ. 1870ರಲ್ಲಿಯೇ ಫ್ರಾನ್ಸಿನ ಪೋ ಮಠದ ಕನ್ಯಾಸ್ತ್ರೀಯರು ಮಂಗಳೂರಿಗೆ ಬಂದು ಅಂತಹ ಮಠವನ್ನು ಸ್ಥಾಪಿಸಿದರು. ಜಾಲಂಧರದ ಹಿಂದೆ ಬಾಳುವವರನ್ನು ಲೋಕ ತೊಂದರೆಪಡಿಸದೆಂದು ನಾವೆಣಿಸುತ್ತೇವೆ. 1938ರ ನವೆಂಬರ್‌ನಲ್ಲಿ ಜರ್ಮನಿಯಾದ್ಯಂತ ಯೆಹೂದ್ಯರ ಪ್ರಾರ್ಥನಾಮಂದಿರಗಳು ಉರಿದ ಮೇಲೆ, ತಮ್ಮಿಂದ ಮಠದ ಸೋದರಿಯರಿಗೆ ಕೇಡಾಗಬಾರದೆಂದು ಎಡಿತ್, ಆ ವರ್ಷದ ಕೊನೆಯ ದಿನ, ಹಾಲೆಂಡಿನ ಎಕ್ಟ್ ಮಠಕ್ಕೆ ಹೊರಟರು. ತಾಯಿಯ ಮರಣಾನಂತರ ಜ್ಞಾನಸ್ನಾನ ಪಡೆದಿದ್ದ ಅಕ್ಕ ರೋಸಾ ಅಲ್ಲಿಗೇ ಬಂದು, ಮಠದ ಬಾಗಿಲು ಕಾಯುವ ಸೇವೆಗೆ ನಿಂತರು. 1940ರಲ್ಲಿ ಜರ್ಮನ್ ಸೈನ್ಯ ಹಾಲೆಂಡನ್ನೂ ನುಂಗಿತು. ಸ್ವಿಟ್ಸರ್ಲೆಂಡಿನ ಮಠವೊಂದು ಎಡಿತರಿಗೆ ಸ್ಥಳ ಕೊಡಲು ಮುಂದಾಯಿತು. ಅಕ್ಕನನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಇಬ್ಬರಿಗೂ ಪರವಾನಗಿ ದೊರೆಯುವಷ್ಟರಲ್ಲಿ ಕಾಲ ಮೀರಿತ್ತು.

1942ರ ಜುಲೈನಲ್ಲಿ, ಯೆಹೂದ್ಯರನ್ನು ಗಡೀಪಾರು ಮಾಡುವುದನ್ನು ಪ್ರತಿಭಟಿಸಿ ಹಾಲೆಂಡಿನ ಎಲ್ಲ ಕ್ರೈಸ್ತ ಪಂಗಡಗಳೂ ಕೂಡಿ ಜರ್ಮನ್ ಅಧಿಕಾರಿಗಳಿಗೆ ತಂತಿ ಕಳುಹಿಸಿದವು. ಬಹಿರಂಗವಾಗಿ ಆಡದಿದ್ದರೆ ಕ್ರೈಸ್ತರಾದ ಯೆಹೂದ್ಯರನ್ನು ಮುಟ್ಟುವುದಿಲ್ಲವೆಂಬ ಆಸೆಯನ್ನು ಅಧಿಕಾರಿಗಳು ತೋರಿಸಿದರು. ಉಟ್ರೆಕ್ಟಿನ ಮಹಾಧರ್ಮಾಧ್ಯಕ್ಷ ದೆ ಯೋಂಗ್ ಹಾಗೂ ಇತರ ಕಥೋಲಿಕ ಧರ್ಮಾಧ್ಯಕ್ಷರು ಆ ವ್ಯಾಪಾರಕ್ಕೆ ಇಳಿಯಲಿಲ್ಲ. ಜುಲೈ 26ರ ಭಾನುವಾರ ಪ್ರತಿಯೊಂದು ಕಥೋಲಿಕ ದೇವಾಲಯದಲ್ಲಿಯೂ ಆ ಪ್ರತಿಭಟನೆಯನ್ನು ಗಟ್ಟಿಯಾಗಿ ಓದಿಸಿದರು. ಮುಂದಿನ ಭಾನುವಾರವೇ, ಆಗಸ್ಟ್ 2ರಂದು, ಕಥೋಲಿಕರಾದ ಯೆಹೂದ್ಯರನ್ನು ದೇಶದೆಲ್ಲೆಡೆ ಹಿಡಿದರು. ಒಂಬತ್ತು ವರ್ಷಗಳ ಹಿಂದೆ ಎಡಿತ್ ಬೇಡಿಕೊಂಡಿದ್ದ ಮಾತು ಇದೇ. ಅದನ್ನು ಧರ್ಮಸಭೆ ಕೊನೆಗೂ ಆಡಿದಾಗ, ಬೆಲೆ ತೆತ್ತವರಲ್ಲಿ ಅವರೇ ಒಬ್ಬರು. ಹಾಗಾದರೆ ಮೌನವೇ ಲೇಸಾಗಿತ್ತೇ ಎಂದು ವಾದಿಸುವವರಿದ್ದಾರೆ. ನಾನು ಒಪ್ಪಲಾರೆ. ಮೌನವಾಗಿದ್ದ ಪಂಗಡಗಳ ದೇಶಬಾಂಧವರಾದ ಯೆಹೂದ್ಯರೂ ಲೆಕ್ಕವಿಲ್ಲದಷ್ಟು ಮಂದಿ ಅದೇ ರೈಲುಗಳಲ್ಲಿ ಹೋದರು.

ಸಾಯಂಕಾಲ ಸೋದರಿಯರು ಧ್ಯಾನದಲ್ಲಿದ್ದಾಗ ಅಧಿಕಾರಿಗಳು ಬಾಗಿಲಿಗೆ ಬಂದರು. ಸಾಮಾನು ಕಟ್ಟಿಕೊಳ್ಳಲು ಕೆಲವು ನಿಮಿಷಗಳಷ್ಟೇ ಸಿಕ್ಕಿದವು. ವೆಸ್ಟರ್‌ಬೊರ್ಕ್ ಶಿಬಿರದಲ್ಲಿ ದಿಗ್ಭ್ರಮೆಗೊಂಡ ತಾಯಂದಿರು ಮಕ್ಕಳನ್ನೂ ಮರೆತು ಕುಳಿತಿದ್ದರು. ಎಡಿತ್ ಆ ಮಕ್ಕಳ ಮೈ ತೊಳೆದು, ತಲೆ ಬಾಚಿ, ಉಣ್ಣಿಸುತ್ತಿದ್ದರೆಂದು ಕಂಡವರು ಸಾಕ್ಷಿ ನುಡಿದಿದ್ದಾರೆ. ಆಗಸ್ಟ್ 7ರಂದು ರೈಲು ಪೂರ್ವಕ್ಕೆ ಹೊರಟಿತು. 9ರಂದು ಔಷ್ವಿಟ್ಸಿನಲ್ಲಿ ಅಕ್ಕತಂಗಿಯರಿಬ್ಬರನ್ನೂ ವಿಷಾನಿಲದಿಂದ ಕೊಂದರು.

ಜಗದ್ಗುರು ಎರಡನೆಯ ಜಾನ್ ಪಾಲರು 1987ರಲ್ಲಿ ಕೊಲೋನಿನಲ್ಲಿ ಅವರಿಗೆ ಪುನೀತ ಪದವಿಯನ್ನೂ 1998ರಲ್ಲಿ ಸಂತ ಪದವಿಯನ್ನೂ ಘೋಷಿಸಿದರು. 1999ರಲ್ಲಿ ಯೂರೋಪಿನ ಸಹಪಾಲಕಿಯೆಂದೂ ಸಾರಿದರು. ಯೆಹೂದ್ಯರಲ್ಲಿ ಅನೇಕರು ಇದರಿಂದ ನೊಂದರು. ಯೆಹೂದ್ಯಳೆಂದೇ ಕೊಲ್ಲಲ್ಪಟ್ಟವಳನ್ನು ಕಥೋಲಿಕ ರಕ್ತಸಾಕ್ಷಿಯೆಂದು ಕರೆಯುವುದು ಹೇಗೆಂಬುದು ಅವರ ಪ್ರಶ್ನೆ. ಅದನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ತನ್ನ ಜನರೊಡನೆಯೇ ಸಾಯುತ್ತಿದ್ದೇನೆಂಬುದನ್ನು ಎಡಿತ್ ಎಂದೂ ಮರೆತವರಲ್ಲ. ದೇವಾಲಯದ ಪೀಠದ ಮೇಲಿನ ಸ್ವರೂಪಕ್ಕಿಂತ ಬೀದಿಯ ಕಲ್ಲು ಇದನ್ನು ಚೆನ್ನಾಗಿ ತಿಳಿಸುತ್ತದೆಂದು ನನ್ನ ಎಣಿಕೆ. ಅಲ್ಲಿ ಸಂತರಿಗೂ ನೆರೆಮನೆಯ ಸಾಮಾನ್ಯರಿಗೂ ಒಂದೇ ಅಳತೆ. ಹೆಸರನ್ನು ಕಾಲಿನಿಂದ ತುಳಿಯುವಂತಾಗುತ್ತದೆಂದು ಆಕ್ಷೇಪಿಸಿದವರೂ ಇದ್ದಾರೆ. ಮ್ಯೂನಿಕ್ ನಗರಸಭೆ 2004ರಲ್ಲಿ ತನ್ನ ಬೀದಿಗಳಲ್ಲಿ ಇದಕ್ಕೆ ಅನುಮತಿ ಕೊಡಲಿಲ್ಲ. ಅಕ್ಷರವುಳ್ಳ ಕಾಗದಕ್ಕೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಆ ಸಂಕೋಚ ಅರ್ಥವಾಗದಿರದು. ಆದರೆ ಆ ಚಿಕ್ಕ ಅಕ್ಷರಗಳನ್ನು ಓದಬೇಕಾದವನು ತಲೆ ಬಾಗಿಸಲೇಬೇಕು. ಕಪ್ಪಡರಿದ ಹಿತ್ತಾಳೆಯನ್ನು ನೆರೆಹೊರೆಯವರು ಮಂಡಿಯೂರಿ ಉಜ್ಜಿ ಬೆಳಗುತ್ತಾರೆ.

ಅಕ್ಕ ರೋಸಾ ಅವರಿಗೆ ಪೀಠವಿಲ್ಲ, ಹಬ್ಬವಿಲ್ಲ. ಅಣ್ಣ ಪೌಲ್, ಅಕ್ಕ ಫ್ರೀಡಾ ಇಬ್ಬರೂ ತೆರೆಸಿನ್‌ಸ್ಟಾಟ್ ಶಿಬಿರದಲ್ಲಿ ಪ್ರಾಣ ಬಿಟ್ಟರು. ಆಗಸ್ಟ್ 9ರಂದು ಸಂತ ತೆರೆಸಾ ಬೆನೆದಿಕ್ತಾ ಅವರ ಸ್ಮರಣೆಯ ಬಲಿಪೂಜೆಗೆ ಬರುವವರು, ಮೃತರಿಗಾಗಿ ಪ್ರಾರ್ಥಿಸುವಾಗ ಈ ಮೂವರ ಹೆಸರನ್ನೂ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.