ವಾಣಿ ವಿಲಾಸ ಎಂದರೆ ಯಾರು?

2022ರಲ್ಲಿ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಾಗ ಚಿತ್ರದುರ್ಗದಿಂದ ನಮ್ಮ ಮನೆಯವರೆಲ್ಲ ನೋಡಲು ಹೋಗಿದ್ದೆವು. 1933ರ ನಂತರ ಅದು ಕೋಡಿ ಹರಿದದ್ದು ಅದೇ ಮೊದಲು. ಎಲ್ಲರೂ ಫೋಟೊ ತೆಗೆದುಕೊಂಡೆವು. ಆದರೆ ವಾಣಿ ವಿಲಾಸ ಸಾಗರ ಎಂಬುದು ಯಾರ ಹೆಸರು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಕಾಲೇಜಿನಲ್ಲಿ ವಿಮೆಯ ಪಾಠ ಬಂದಾಗ, ನಮ್ಮ ರಾಜ್ಯದಲ್ಲಿ ಸರ್ಕಾರಿ ವಿಮೆ ಯಾವಾಗ ಶುರುವಾಯಿತು ಎಂದು ಹುಡುಕಿದೆ. ಆ ಹುಡುಕಾಟ ನನ್ನನ್ನು ಮತ್ತೆ ಅದೇ ಹೆಸರಿನ ಬಳಿಗೆ ತಂದು ನಿಲ್ಲಿಸಿತು.

ಅವರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ. ವಾಣಿ ವಿಲಾಸ ಸನ್ನಿಧಾನ ಎಂಬುದು ಅವರ ಬಿರುದು. 1866ರಲ್ಲಿ ಹುಟ್ಟಿದ ಅವರು 1878ರಲ್ಲಿ ಚಾಮರಾಜೇಂದ್ರ ಒಡೆಯರ ಪತ್ನಿಯಾಗಿ ಅರಮನೆಗೆ ಬಂದರು. ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವವಿಮೆ ಆರಂಭಿಸಿತು. ಎಲ್ಲರ ಸಂಬಳದಿಂದ ಸ್ವಲ್ಪ ಸ್ವಲ್ಪ ಕಂತು ಸೇರಿಸಿ, ತೀರಿಕೊಂಡವರ ಕುಟುಂಬಕ್ಕೆ ಕೊಡುವ ಏರ್ಪಾಡು ಅದು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ.

ಮೂರು ವರ್ಷಗಳ ನಂತರ, 1894ರ ಡಿಸೆಂಬರ್ 28ರಂದು, ಕಲ್ಕತ್ತಾಕ್ಕೆ ಹೋಗಿದ್ದ ಒಡೆಯರು ಗಂಟಲಮಾರಿ ರೋಗದಿಂದ ತೀರಿಕೊಂಡರು. ಅವರಿಗೆ ಆಗ 31 ವರ್ಷ. ಇಂದು ನಮ್ಮ ಬೀದಿಯ ಅಂಗನವಾಡಿಯಲ್ಲಿ ಪ್ರತಿ ಮಗುವಿಗೂ ಆ ರೋಗದ ಲಸಿಕೆಯನ್ನು ಪುಕ್ಕಟೆಯಾಗಿ ಹಾಕುತ್ತಾರೆ. ಅಂದು ಇಡೀ ಸಂಸ್ಥಾನದ ಖಜಾನೆ ಇದ್ದರೂ ಒಬ್ಬ ರಾಜನನ್ನು ಉಳಿಸಲು ಆಗಲಿಲ್ಲ.

ಮಹಾರಾಣಿಗೆ ಆಗ 28 ವರ್ಷ. ಹಿರಿಯ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು. ಮಗ ದೊಡ್ಡವನಾಗುವವರೆಗೆ, ಅಂದರೆ 1895ರಿಂದ 1902ರವರೆಗೆ, ದಿವಾನ್ ಶೇಷಾದ್ರಿ ಅಯ್ಯರ್ ಮುಂತಾದವರ ನೆರವಿನಿಂದ ರೀಜೆಂಟ್ ಆಗಿ ಅವರೇ ರಾಜ್ಯ ನಡೆಸಿದರು. 1897ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗ್ ಬಂತು. 1900ರಲ್ಲಿ ಆಸ್ಪತ್ರೆ ತೆರೆಯಿತು. ಇಂದಿಗೂ ನಮ್ಮ ಜಿಲ್ಲೆಯ ಎಷ್ಟೋ ಬಡವರು ದೊಡ್ಡ ಕಾಯಿಲೆಗೆ ಅಲ್ಲಿಗೇ ಹೋಗುತ್ತಾರೆ. ಅದೇ ಕಾಲದಲ್ಲಿ, 1898ರಲ್ಲಿ, ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಅದು ಮುಗಿದದ್ದು 1907ರಲ್ಲಿ, ಮಗನ ಆಳ್ವಿಕೆಯಲ್ಲಿ.

ಮುಂದೆ ಅವರ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಆ ಮಗಳ ಹೆಸರಿದೆ. ಮಹಾರಾಣಿ 1934ರಲ್ಲಿ ತೀರಿಕೊಂಡರು. ಮರುವರ್ಷ ಬೆಂಗಳೂರಿನಲ್ಲಿ ತೆರೆದ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ವಾಣಿ ವಿಲಾಸ ಎಂದೇ ಹೆಸರಿಟ್ಟರು.

ಇದನ್ನೆಲ್ಲ ಓದುವಾಗ ನನಗೆ ಹೊಸದುರ್ಗದ ಖಾಲು ನೆನಪಾದರು. ಅವರದು ಸಣ್ಣ ಟೈಲರ್ ಅಂಗಡಿ. ಹೋದ ವರ್ಷ ಅವರ ಹೃದಯಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಸರ್ಕಾರದ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಲು ಅವರದು ಎಪಿಎಲ್ ಕಾರ್ಡ್. ಅಂಥವರಿಗೆ ನಿಗದಿಯಾದ ವೆಚ್ಚದ ಶೇಕಡಾ 30 ಮಾತ್ರ. ಉಳಿದದ್ದಕ್ಕೆ ಖಾಲಾ ಬಳೆಗಳನ್ನು ಅಡವಿಟ್ಟರು. ಅವು ಇನ್ನೂ ಮನೆಗೆ ಬಂದಿಲ್ಲ.

ಕಾರ್ಖಾನೆಯ ಕಾರ್ಮಿಕರಿಗೆ ಇಎಸ್ಐ ಇದೆ. ಹೊಳಲ್ಕೆರೆಯ ಅಡಿಕೆ ರೈತರು ಸಹಕಾರ ಸಂಘದ ಸದಸ್ಯರಾಗಿದ್ದರೆ, 2003ರಲ್ಲಿ ಶುರುವಾದ ಯಶಸ್ವಿನಿಗೆ ಸೇರಬಹುದು. ಟೈಲರ್, ಆಟೋ ಓಡಿಸುವವರು, ತಳ್ಳುಗಾಡಿಯವರು ಇವುಗಳ ನಡುವೆ ಎಲ್ಲೋ ಜಾರಿಬೀಳುತ್ತಾರೆ. ಆದರೆ ಖಾಲು ಕೊಳ್ಳುವ ದಾರಕ್ಕೂ ಗುಂಡಿಗೂ ಜಿಎಸ್‌ಟಿ ಇದೆ. ಕಂತು ಎಲ್ಲರಿಂದಲೂ ಹೋಗುತ್ತಿದೆ ಎಂದ ಮೇಲೆ ರಕ್ಷಣೆಯೂ ಎಲ್ಲರಿಗೂ ಇರಬೇಕಲ್ಲವೇ?

ಆರೋಗ್ಯವಾಗಿರುವವರು ಬೇರೆಯವರ ಕಾಯಿಲೆಗೆ ಯಾಕೆ ಹಣ ಕೊಡಬೇಕು ಎಂದು ತರಗತಿಯಲ್ಲಿ ಒಬ್ಬ ಗೆಳೆಯ ಕೇಳಿದ. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳಬಲ್ಲೆ: ಮಾರಿಕಣಿವೆಯನ್ನು ನೋಡು. ಮಳೆ ಬಂದ ವರ್ಷದ ನೀರನ್ನು ಅದು ಬರದ ವರ್ಷಕ್ಕೆ ಇಟ್ಟುಕೊಳ್ಳುತ್ತದೆ. 89 ವರ್ಷ ಕೋಡಿ ಬೀಳಲಿಲ್ಲ ಎಂದು ಯಾರೂ ಅದನ್ನು ದಂಡ ಎನ್ನಲಿಲ್ಲ. ಆ ವರ್ಷಗಳಲ್ಲೂ ಹಿರಿಯೂರಿನ ತೋಟಗಳಿಗೆ ನೀರು ಹೋಗಿದೆ, ನಮ್ಮ ಚಿತ್ರದುರ್ಗದ ನಲ್ಲಿಗಳಿಗೂ ಬಂದಿದೆ. ನಲ್ಲಿ ತಿರುಗಿಸುವವರ ಕಾರ್ಡ್ ಯಾವ ಬಣ್ಣದ್ದು ಎಂದು ನೀರು ಕೇಳುವುದಿಲ್ಲ. ಎಲ್ಲರನ್ನೂ ಸೇರಿಸುವ ಸರ್ಕಾರಿ ಆರೋಗ್ಯ ವಿಮೆಯೂ ಹೀಗೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆಯೂ ಬೇಕು, ಇಲ್ಲದಿದ್ದರೆ ಕಾರ್ಡ್ ಬರೀ ಕಾಗದ. ಮಹಾರಾಣಿಯ ಏಳು ವರ್ಷಗಳಲ್ಲಿ ಆಸ್ಪತ್ರೆಯೂ ಎದ್ದಿತು, ಅಣೆಕಟ್ಟಿನ ಕೆಲಸವೂ ನಡೆಯಿತು.

ಗೆಳೆಯ ಗೆಳತಿಯರೇ, ಇವತ್ತು ಮನೆಗೆ ಹೋದಾಗ ನಿಮ್ಮಲ್ಲಿ ಯಾವ ಕಾರ್ಡ್ ಇದೆ, ಅದರಿಂದ ಎಷ್ಟು ಸಿಗುತ್ತದೆ ಎಂದು ತಿಳಿದುಕೊಳ್ಳಿ. ಮುಂದಿನ ಚುನಾವಣೆ ಹೊತ್ತಿಗೆ ನಮ್ಮಲ್ಲಿ ಬಹಳ ಮಂದಿಗೆ ಹದಿನೆಂಟು ತುಂಬಿರುತ್ತದೆ. ವೋಟು ಕೇಳಲು ಮನೆ ಬಾಗಿಲಿಗೆ ಬಂದವರಿಗೆ ಈ ಪ್ರಶ್ನೆ ಕೇಳೋಣ.