ಶಿಲ್ಪಿ ರೆಂಜಾಳ ಗೋಪಾಲ ಶೆಣೈ

ಜಿನಬಿಂಬಕ್ಕೆ ಕೈಮುಗಿಯುವ ನಾವು ಅದನ್ನು ಕಡೆದ ಕೈಗಳನ್ನೂ ಸ್ಮರಿಸುವುದು ಯೋಗ್ಯ. ಅಂಥ ಶಿಲ್ಪಿಗಳಲ್ಲಿ ಕಾರ್ಕಳದ ದಿವಂಗತ ರೆಂಜಾಳ ಗೋಪಾಲ ಶೆಣೈಯವರು (1896–1985) ಅಗ್ರಗಣ್ಯರು. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಬಾಹುಬಲಿ ನಿಂತಿರುವ ಊರೇ ಅವರ ಕರ್ಮಭೂಮಿಯಾಯಿತು.

ಶ್ರೀಕ್ಷೇತ್ರ ಧರ್ಮಸ್ಥಳದ ಶ್ರೀ ರತ್ನವರ್ಮ ಹೆಗ್ಗಡೆಯವರು ಸಂಕಲ್ಪಿಸಿದ 39 ಅಡಿಯ ಬಾಹುಬಲಿ ಮೂರ್ತಿಯ ಕೆಲಸ 1967ರಲ್ಲಿ ಆರಂಭವಾದಾಗ ಶೆಣೈಯವರು ಎಪ್ಪತ್ತನ್ನು ದಾಟಿದ್ದರು.

ಶಿಲ್ಪಶಾಸ್ತ್ರದಲ್ಲಿ ಮನುಷ್ಯಾಕೃತಿಯ ಅಭ್ಯಾಸವು ಅಳತೆಯಿಂದ ಮೊದಲಾಗುತ್ತದೆ. ಮುಖದ ಉದ್ದವೇ ಒಂದು ತಾಲ, ಅಂದರೆ 12 ಅಂಗುಲ; ನಿಂತ ಜಿನಬಿಂಬಕ್ಕೆ ನವತಾಲ, 108 ಅಂಗುಲ. ಇದೇ ಲೆಕ್ಕವನ್ನು 39 ಅಡಿಗೆ ಹಿಗ್ಗಿಸಿದರೆ ಒಂದೊಂದು ಅಂಗುಲವೂ ನಾಲ್ಕು ಇಂಚನ್ನು ಮೀರುತ್ತದೆ. ಕಾಗದದ ಮೇಲಿನ ರೇಖೆಯನ್ನು ಅಳಿಸಬಹುದು. ಕಡಿದ ಕಲ್ಲನ್ನು ಮರಳಿ ಕೂಡಿಸಲಾಗದು. ದಿಗಂಬರ ಮೂರ್ತಿಯಲ್ಲಂತೂ ದೋಷವನ್ನು ಮರೆಮಾಡಲು ಉಡುಗೆಯಿಲ್ಲ, ಆಭರಣವಿಲ್ಲ. ಶಿಲ್ಪಿಯು ಎಲುಬು, ಸ್ನಾಯುಗಳ ನೆಲೆಯನ್ನು ಬಲ್ಲವನಾಗಿರಬೇಕು. ಆದರೆ ಅವುಗಳ ಬಿಗುವು ಎಲ್ಲಿಯೂ ತೋರಬಾರದು. ಕಾಯವಿದ್ದೂ ಅದರ ಮಮತೆ ಅಳಿದಿರುವುದೇ ಕಾಯೋತ್ಸರ್ಗವಲ್ಲವೇ?

ರತ್ನವರ್ಮ ಹೆಗ್ಗಡೆಯವರು 1968ರಲ್ಲಿಯೇ ದಿವಂಗತರಾದರು. ಪುತ್ರ ಶ್ರೀ ವೀರೇಂದ್ರ ಹೆಗ್ಗಡೆಯವರು ಆ ಸಂಕಲ್ಪವನ್ನು ಮುಂದುವರಿಸಿದರು. ಏಕಶಿಲೆಯ ಮೂರ್ತಿಯು 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಸಾಗಿತು. 1982ರಲ್ಲಿ ಪ್ರತಿಷ್ಠೆಯು ನೆರವೇರಿತು. ಹುಟ್ಟಿನಿಂದ ಜೈನರಲ್ಲದ ಶೆಣೈಯವರು ವೀತರಾಗತೆಯನ್ನು ಕಲ್ಲಿನಲ್ಲಿ ಕಾಣಿಸಿದರು. ಬಿಂಬದರ್ಶನದ ವೇಳೆ ಆ ವೃದ್ಧ ಶಿಲ್ಪಿಗೂ ನಮ್ಮದೊಂದು ನಮನ ಸಲ್ಲಲಿ.